ಕುರ್ಚಿಯ ಸಾಲು

ಊರಿಗೆಲ್ಲ ಮೈಕು ಎಂದೇ ಪರಿಚಿತನಾದ ಅವನಿಗೆ ಬಾರದ ದನಿಯೇ ಇರಲಿಲ್ಲ. ಮಂತ್ರಿಯ ಗೊಗ್ಗರು, ಹಾಲಿನವನ ಕೂಗು, ಕೆಟ್ಟ ಮಿಕ್ಸಿಯ ನರಳಾಟ, ಎಲ್ಲ ಒಂದೇ ಗಂಟಲಲ್ಲಿ. ದನಿ ಬೇರೆಯವರದು, ಧಣಿಯೂ ಬೇರೆಯವರೇ. ಸ್ವಂತದ್ದೆಂದರೆ ನೆಗಡಿ ಮಾತ್ರ.

ರೇಡಿಯೋ ಕೇಂದ್ರದವರು ಅವನನ್ನು ಕರೆಸಿದ್ದು ಟೇಪಿಗೆ ಬೂಷ್ಟು ಹಿಡಿದಿದ್ದರಿಂದ. ದೇಶ ಕಟ್ಟಿದ ದೊಡ್ಡವರು ಸ್ವಾತಂತ್ರ್ಯದ ಮೊದಲ ದಿನ ಮೈದಾನದಲ್ಲಿ ಮಾಡಿದ ಭಾಷಣ ಅದರಲ್ಲಿತ್ತು. ಪ್ರತಿವರ್ಷ ಆ ದಿನ ಬೆಳಿಗ್ಗೆ ಪ್ರಸಾರವಾಗಲೇಬೇಕು.

“ಅವರ ದನಿಯಲ್ಲಿ ನೀವೇ ಹೇಳಿಬಿಡಿ, ಯಾರಿಗೂ ಗೊತ್ತಾಗಲ್ಲ,” ಎಂದರು ನಿರ್ದೇಶಕರು. “ಆಮೇಲೆ, ಗೀಟು ಹಾಕಿರೋ ಈ ಸಾಲು ಬೇಡ.”

‘ಈ ಕುರ್ಚಿಯಲ್ಲಿ ಕೂತವರು ತಪ್ಪಿದರೆ ಇಳಿಸಿ, ನಾನಾದರೂ ಸರಿ.’

“ಯಾಕ್ ಸಾರ್, ಕೂತವರಿಗೆ ಚುಚ್ಚುತ್ತಾ?”

ನಿರ್ದೇಶಕರು ನಗಲಿಲ್ಲ. ಮೈಕು ದೊಡ್ಡವರ ಹಾಗೆಯೇ ಒಮ್ಮೆ ಕೆಮ್ಮಿ, ಆ ಸಾಲು ಹಾರಿಸಿ ಓದಿದ.

ಮನೆಯಲ್ಲಿ ಅಮ್ಮನಿಗೆ ಮರೆವು. ಒಲೆ ಆರಿಸಿದ್ದು, ಸೊಸೆಯ ಹೆಸರು, ಗಂಡ ತೀರಿಹೋದದ್ದು, ಒಂದೊಂದೇ ಜಾರುತ್ತಿದ್ದವು. ಭಾಷಣ ಮಾತ್ರ ಅಲುಗಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕೇಳಿದ್ದಳಂತೆ. ಪ್ರತಿವರ್ಷ ರೇಡಿಯೋದ ಜೊತೆಜೊತೆಗೇ ಹೇಳಿ ಮುಗಿಸಿ, “ನೋಡ್ದ್ಯೇನೋ, ನಿಮ್ಮಮ್ಮ ಇನ್ನೂ ಪೂರ್ತಿ ಹೋಗಿಲ್ಲ,” ಅನ್ನುತ್ತಿದ್ದಳು.

ಬಿಟ್ಟ ಸಾಲೂ ಅಮ್ಮನಿಗೆ ಬಾಯಿಪಾಠವೆಂದು ಮೈಕುವಿಗೆ ಹೊಳೆದದ್ದು ಆ ಬೆಳಿಗ್ಗೆ ರೇಡಿಯೋ ಕೆಮ್ಮಿದಾಗ.

ಅಮ್ಮ ಶುರುಮಾಡಿದಳು. ದನಿಗೆ ದನಿ ಕೂಡಿತು. “ಈ ಕುರ್ಚಿಯಲ್ಲಿ ಕೂತವರು...” ಅನ್ನುವಷ್ಟರಲ್ಲಿ ರೇಡಿಯೋ ಮುಂದೆ ಹೋಗಿತ್ತು. ಅವಳು ತಡವರಿಸಿದಳು, ಹಿಡಿಯಲು ನೋಡಿದಳು, ಸುಮ್ಮನಾದಳು.

“ಇದೂ ಹೋಯ್ತಾ?”

“ಅಮ್ಮಾ, ನೀನ್ ಹೇಳಿದ್ದೇ ಸರಿ. ಅದು ದೊಡ್ಡವರಲ್ಲ ಕಣಮ್ಮಾ, ನಾನು. ಬೇಡ ಅಂದ್ರು, ಬಿಟ್ಬಿಟ್ಟೆ.”

“ಸುಳ್ಳು ಸಮಾಧಾನ ಬೇಡ.”

ಅವನು ಕೆಮ್ಮಿ, ದೊಡ್ಡವರ ದನಿಯಲ್ಲೇ ಆ ಸಾಲು ಹೇಳಿದ.

“ಅವರನ್ನ ಆಡ್ಕೋಬೇಡ್ವೋ! ನಿನ್ನ ಮಿಮಿಕ್ರಿ ನಂಗೆ ಗೊತ್ತಾಗಲ್ವಾ? ರೇಡಿಯೋದಲ್ಲಿ ಬಂದದ್ದು ಅವರ ದನಿ. ಅವರೇ ಹೇಳಿಲ್ಲ ಅಂದ್ಮೇಲೆ, ಆ ಸಾಲು ನನ್ನ ತಲೇಲೇ ಹುಟ್ಟಿದ್ದು.” ಅವನ ಕೈ ಹಿಡಿದಳು. “ಸರಿಯಾಗಿ ಹೇಳ್ಕೊಡೋ. ಬರೋ ವರ್ಷ ತಪ್ಪಬಾರದು.”

ಅವನು ಒಲ್ಲೆನೆಂದ. ಅವಳು ಮಗುವಿನ ಹಾಗೆ ಅಳತೊಡಗಿದಳು. ಕೊನೆಗೆ ಹೇಳಿಕೊಟ್ಟ, ಯಾರ ದನಿಯನ್ನೂ ತರದೆ.

ಸಂಜೆಯ ಹೊತ್ತಿಗೆ ಅಮ್ಮ ಕುರ್ಚಿಯ ಸಾಲನ್ನು ಹಾರಿಸಿ, ಎಲ್ಲೂ ತಡೆಯದೆ ಭಾಷಣ ಮುಗಿಸಿದಳು.

“ಈಗ ಬಂತೇನೋ?”

“ಬಂತಮ್ಮ.”

“ದನಿ ಯಾಕೋ ಹಾಗಿದೆ? ನೆಗಡಿಯಾ?”