ಕುಟುಂಬದ ಅಂಗಿ

"ಏ ಮುಂಡೆ, ಕೈ ತೊಳ್ಕೊಂಡು ಮುಟ್ಟೇ. ಕಕ್ಕಸು ತೊಳೆದ ಕೈಯಲ್ಲಿ ಹೊಸ ಬಟ್ಟೆ ಮುಟ್ತೀಯಲ್ಲ, ನಿಮ್ಮಪ್ಪಂದಾ ಇದು?"

ಕಂಟ್ರಾಕ್ಟರ್ ಕಡೆಯ ಮೇಸ್ತ್ರಿ ಅಂಗಿಗಳ ಕಟ್ಟನ್ನು ಎದೆಗವಚಿಕೊಂಡು ಹಿಂದೆ ಸರಿದ. ನಾನು ಆಗಷ್ಟೇ ಹುಡುಗರ ಹಾಸ್ಟೆಲಿನ ಕಕ್ಕಸು ತೊಳೆದು ಬಂದಿದ್ದೆ. ಬಕೆಟ್ಟು, ಪೊರಕೆ ಇನ್ನೂ ಕೈಯಲ್ಲೇ ಇದ್ದವು.

"ಮುಂಡೆ ಅನ್ಬೇಡ," ಅಂದೆ. "ನನ್ನ ಗಂಡ ಇನ್ನೂ ಬದುಕಿದಾನೆ."

"ಬದುಕಿದ್ರೆ ಎಬ್ಬಿಸಿ ಕೆಲ್ಸಕ್ಕೆ ಕಳ್ಸು. ಬೋಳಿಮಗ ಆರಾಮಾಗಿ ಮಲಗಿಬಿಟ್ಟ. ಟ್ಯಾಂಕು ತೊಳೆಯೋಕೆ ಇನ್ನೊಬ್ಬನ್ನ ಹುಡುಕೋ ಕರ್ಮ ನಂದು."

ಮಲಗಿಬಿಟ್ಟನಂತೆ. ಎರಡು ವಾರದ ಹಿಂದೆ ಹಾಸ್ಟೆಲಿನ ತಾರಸಿಯ ಮೇಲಿರುವ ನೀರಿನ ಟ್ಯಾಂಕು ತೊಳೆಯಲು ಹತ್ತಿದ್ದಾಗ ತುಕ್ಕು ಹಿಡಿದ ಏಣಿಯ ಮೆಟ್ಟಿಲು ಮುರಿದು ನನ್ನ ಗಂಡ ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಏಣಿ ಅಲುಗಾಡುತ್ತದೆ ಎಂದು ಇದೇ ಮೇಸ್ತ್ರಿಗೆ ಅವನು ಮೊದಲೇ ಹೇಳಿದ್ದ. "ಏಣಿ ಅಲುಗಾಡಿದ್ರೆ ನೀನು ಗಟ್ಟಿಯಾಗಿ ಹಿಡ್ಕೋ" ಎಂದು ಉತ್ತರ ಬಂದಿತ್ತು.

ಕಾಲೇಜಿನ ಕಾಂಪೌಂಡಿನೊಳಗೇ ಕಾಲೇಜಿನದೇ ಆಸ್ಪತ್ರೆಯಿದೆ. ಅದರ ಗೋಡೆಯ ಮೇಲೆ 'ಕಾಲೇಜು ನೌಕರರಿಗೆ ಚಿಕಿತ್ಸೆ ಉಚಿತ' ಎಂದು ಕೈಯಷ್ಟುದ್ದದ ಅಕ್ಷರಗಳಲ್ಲಿ ಬರೆಸಿದ್ದಾರೆ. ಅವತ್ತು ಅವನನ್ನು ಅಲ್ಲಿಗೇ ಹೊತ್ತುಕೊಂಡು ಹೋದೆವು. ಕೌಂಟರಿನವನು, "ಇವನು ನಮ್ಮೋನಲ್ಲ, ಕಂಟ್ರಾಕ್ಟರ್ ಕಡೆಯೋನು" ಅಂದ. ಕಂಟ್ರಾಕ್ಟರನ ಹತ್ತಿರ ಹೋದರೆ, "ಏಣಿ ಕಾಲೇಜಿಂದು, ಟ್ಯಾಂಕು ಕಾಲೇಜಿಂದು, ನನ್ನನ್ಯಾಕೆ ಕೇಳ್ತೀಯಾ?" ಅಂದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ನನ್ನ ಗಂಡ ನಡುವೆ ನೆಲದ ಮೇಲೆ ನರಳುತ್ತ ಬಿದ್ದಿದ್ದ. ಕೊನೆಗೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಬಗ್ಗಿ ನೋಡಿ, ನೋವಿನ ಮಾತ್ರೆ ಕೊಟ್ಟು, "ಬೇಗ ಆಪರೇಷನ್ ಮಾಡಿಸಿ. ಮೂಳೆ ಸೊಟ್ಟಗೆ ಕೂಡ್ಕೊಂಡ್ರೆ ಆಮೇಲೆ ಇವರು ನಿಲ್ಲೋಕೇ ಆಗಲ್ಲ" ಎಂದು ಹೇಳಿ ಹೊರಟುಹೋದರು. ಮಾಡಿಸಿ ಎನ್ನುವುದು ಸುಲಭ. ಎಲ್ಲಿ, ಯಾರ ದುಡ್ಡಲ್ಲಿ ಎಂದು ಅವರು ಹೇಳಲಿಲ್ಲ.

ಈಗ ಅದೇ ಕಾಲೇಜು ನಮಗೆಲ್ಲ ಅಂಗಿ ಹೊಲಿಸಿತ್ತು. ನೀಲಿ ಬಣ್ಣ, ಎಲ್ಲಕ್ಕೂ ಒಂದೇ ಅಳತೆ. ಎದೆಯ ಮೇಲೆ ಕಾಲೇಜಿನ ಮುದ್ರೆ, ಅದರ ಕೆಳಗೆ 'ನಮ್ಮ ಕುಟುಂಬ' ಎಂಬ ಎರಡು ಪದ.

"ಇವತ್ತು ನೀವೆಲ್ಲ ಕಾಲೇಜಿನೋರು," ಎಂದ ಮೇಸ್ತ್ರಿ. "ಸೀರೆ ಮೇಲೆ ಹಾಕ್ಕೊಂಡು ಸ್ಟೇಜ್ ಮೇಲೆ ನಿಂತ್ಕೊಳ್ಳಿ. ಮುಗಿದ ಮೇಲೆ ಬಿಚ್ಚಿ ವಾಪಸ್ ಕೊಡ್ಬೇಕು. ಬೆವರಿನ ವಾಸನೆ ಮಾಡಿದ್ರೆ ಕೂಲೀಲಿ ಹಿಡೀತೀನಿ."

ನಮ್ಮಂಥವರಿಗೆ ಯಾರಾದರೂ ಏನಾದರೂ ಸುಮ್ಮನೆ ಕೊಟ್ಟರೆ ನಾನು ಮೊದಲು ಅವರ ಇನ್ನೊಂದು ಕೈ ನೋಡುತ್ತೇನೆ. ಕೊಡುವ ಕೈಯಲ್ಲಿ ಅಂಗಿ ಇತ್ತು. ಇನ್ನೊಂದರಲ್ಲಿ ಏನಿದೆ ಎಂದು ಒಂದು ವಾರದಿಂದ ಹುಡುಕುತ್ತಿದ್ದೆ.

ಒಂದು ವಾರದಿಂದ ಯಾಕೆಂದರೆ, ಕಾಲೇಜಿನಿಂದ ಊರಿಗೆ ಎಷ್ಟು ಉಪಕಾರ ಎಂಬ ಲೆಕ್ಕ ಬರೆಯಲು ಅರ್ಥಶಾಸ್ತ್ರ ಕಲಿಸುವ ಮೇಡಂ ನಮ್ಮನ್ನು ಮಾತಾಡಿಸಲು ಬಂದದ್ದು ಆಗ. ಹಿತ್ತಲಲ್ಲಿ ಕಸ ಬೇರ್ಪಡಿಸುತ್ತಿದ್ದ ನಮ್ಮ ಹತ್ತಿರ ಬಂದು, ಮೂಗು ಮುಚ್ಚಿಕೊಳ್ಳದೆ ಕುಳಿತರು. ಅಷ್ಟಕ್ಕೇ ನನಗೆ ಅನುಮಾನ ಬಂತು. ಅತಿ ವಿನಯ ಧೂರ್ತರ ಲಕ್ಷಣ ಎಂದು ಸುಮ್ಮನೆ ಹೇಳಿಲ್ಲ.

"ನಿಮ್ಮ ಕೂಲೀಲಿ ಏನ್ ಮಾಡ್ತೀರಮ್ಮ?" ಎಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ತಿಂತೀವಿ ಮೇಡಂ."

"ಎಲ್ಲಿ ಕೊಂಡ್ಕೊಳ್ತೀರಿ?"

"ಮೂಲೆ ಅಂಗಡೀಲಿ."

"ಆ ಅಂಗಡಿಯವರು ಆ ದುಡ್ಡಲ್ಲಿ ಏನ್ ಮಾಡ್ತಾರೆ?"

"ಅದನ್ನ ಅವನ ಹೆಂಡ್ತೀನ ಕೇಳ್ಬೇಕು," ಅಂದೆ. ಜೊತೆಯ ಹೆಂಗಸರು ನಕ್ಕರು. ಮೇಡಂ ಕೂಡ ನಕ್ಕು ವಿವರಿಸಿದರು. ಕಾಲೇಜು ನಮಗೆ ಕೊಡುವ ದುಡ್ಡು ಅಂಗಡಿಗೆ ಹೋಗುತ್ತದೆ, ಅಂಗಡಿಯಿಂದ ಕಟ್ಟಡದ ಮಾಲೀಕನಿಗೆ, ಅಲ್ಲಿಂದ ಬಡಗಿಗೆ, ದರ್ಜಿಗೆ, ಹೀಗೆ ಊರೆಲ್ಲ ಸುತ್ತುತ್ತದೆ. ಒಂದು ಕಾಸು ಸುತ್ತಿ ಸುತ್ತಿ ಹಲವು ಕಾಸಿನ ಕೆಲಸ ಮಾಡುತ್ತದೆ. ಕಾಲೇಜು ಇಲ್ಲದಿದ್ದರೆ ಊರೇ ಇಲ್ಲ.

"ಊರೆಲ್ಲ ಸುತ್ತೋ ಕಾಸು ನಮ್ಮನೇಲಿ ಒಂದ್ ಗಳಿಗೆ ಕೂತು ನೀರು ಕುಡಿಯಲ್ವಲ್ಲ ಮೇಡಂ," ಅಂದೆ. ಅವರು ಫೋನನ್ನು ಇನ್ನೊಬ್ಬಳ ಕಡೆ ತಿರುಗಿಸಿದರು. ನಾನು ಬಿಡಲಿಲ್ಲ. "ಈ ಲೆಕ್ಕಕ್ಕೆ ನನ್ನ ಗಂಡನೂ ಸೇರಿದಾನಾ?"

"ಈ ವರ್ಷ ಕೆಲಸ ಮಾಡಿದವರೆಲ್ಲ ಸೇರಿದ್ದಾರಮ್ಮ. ಕಾಲೇಜಿನಿಂದ ಜೀವನ ಕಂಡವರಲ್ಲಿ ಅವರೂ ಒಬ್ಬರು."

"ಬಿದ್ದಿದ್ದೂ ಸೇರಿದೆಯಾ?"

ಮೇಡಂ ಫೋನು ಆರಿಸಿ ಬ್ಯಾಗಿಗೆ ಹಾಕಿಕೊಂಡರು. ಕೆಟ್ಟವರಲ್ಲ ಅವರು. ಆದರೆ ಕೆಟ್ಟವರಲ್ಲದವರಿಂದಲೂ ನಮ್ಮ ಮನೆಯಲ್ಲಿ ಯಾರೂ ಎದ್ದು ನಿಂತಿಲ್ಲ.

ಇನ್ನೊಂದು ಕೈ ಕಂಡದ್ದು ಅಂಗಿ ಹಾಕಿಕೊಂಡು ನಿಂತ ಆ ದಿನದ ಸಭೆಯಲ್ಲಿ. ಸಭಾಂಗಣದಲ್ಲಿ ಹತ್ತಿಯಷ್ಟು ಮೆತ್ತಗಿನ ಕುರ್ಚಿಗಳು. ಅವುಗಳ ಅಡಿಯಲ್ಲಿ ಅಂಟಿಸಿದ ಚೂಯಿಂಗ್ ಗಮ್ಮನ್ನು ಕೆರೆಯುವವಳು ನಾನು. ಮೊದಲ ಸಾಲಿನಲ್ಲಿ ನಗರಸಭೆಯ ಅಧ್ಯಕ್ಷರು, ಅವರ ಅಕ್ಕಪಕ್ಕ ಸದಸ್ಯರು. ಕಾಲೇಜಿನ ಕಾರ್ಯದರ್ಶಿ ಮೈಕಿನ ಮುಂದೆ ನಿಂತಿದ್ದರು. ಬಿಳಿ ಬಟ್ಟೆ, ಬಿಳಿ ಕೂದಲು, ಬೆಣ್ಣೆಯಂಥ ಮಾತು. ನಮ್ಮನ್ನು ಅವರ ಹಿಂದೆ ಸಾಲಾಗಿ ನಿಲ್ಲಿಸಿದ್ದರು.

"ನಮ್ಮದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ," ಎಂದರು. "ನಾವು ನಗರಸಭೆಗೆ ತೆರಿಗೆ ಕಟ್ಟುವುದಿಲ್ಲ ಎಂದು ಕೆಲವರು ಆಡಿಕೊಳ್ಳುತ್ತಾರೆ. ತೆರಿಗೆಗಿಂತ ದೊಡ್ಡದನ್ನು ಕೊಡುತ್ತಿದ್ದೇವೆ. ಈ ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ನಮ್ಮಿಂದ."

ಆಗ ಗೊತ್ತಾಯಿತು. ತೆರಿಗೆ ಮನ್ನಾ ಮುಂದುವರಿಯಬೇಕು, ಅದಕ್ಕೆ ಅಧ್ಯಕ್ಷರಿಗೆ ತೋರಿಸಲು ಒಲೆ ಉರಿಯುವ ಮುಖಗಳು ಬೇಕು. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅನ್ನುತ್ತಾರೆ. ನಾವಂತೂ ಕೊಬ್ಬಿರಲಿಲ್ಲ, ಅದಕ್ಕೇ ಅಂಗಿ ದೊಗಲೆಯಾಗಿ ಹೊಲಿಸಿದ್ದರು.

ಕಾರ್ಯದರ್ಶಿಗಳು ತಿರುಗಿ ನನ್ನ ಪಕ್ಕಕ್ಕೆ ಬಂದರು. ಫೋಟೋದವನು ಕೆಳಗೆ ಕುಕ್ಕರಗಾಲಲ್ಲಿ ಕೂತ. ಅವರು ನನ್ನ ಹೆಗಲಿನ ಮೇಲೆ ಕೈ ಚಾಚಿದರು. ಫೋಟೋದಲ್ಲಿ ನೋಡಿದರೆ ಕೈ ಇಟ್ಟಂತೆಯೇ ಇದೆ. ಇಟ್ಟಿರಲಿಲ್ಲ. ಕೈ ನನ್ನ ಹೆಗಲಿನಿಂದ ಎರಡು ಬೆರಳು ಮೇಲೆಯೇ ನಿಂತಿತ್ತು, ಅದರ ಭಾರ ನನಗೆ ತಾಗಲೇ ಇಲ್ಲ.

"ಇವರು ನಮ್ಮ ಕುಟುಂಬ. ಇವರಿಗೆ ಏನೇ ಆಗಲಿ, ನಮ್ಮ ಆಸ್ಪತ್ರೆಯಲ್ಲಿ ಬಿಡಿಗಾಸಿಲ್ಲದೆ ಚಿಕಿತ್ಸೆ. ಹೌದೇನಮ್ಮ?" ಎಂದು ಮೈಕನ್ನು ನನ್ನ ಕಡೆ ತಿರುಗಿಸಿದರು. ಮೇಸ್ತ್ರಿ ಪರದೆಯ ಮರೆಯಿಂದ ಕಣ್ಣು ಬಿಟ್ಟ.

ಸುಳ್ಳು ಎಂದು ಕಿರುಚಬೇಕು ಅನ್ನಿಸಿತು. ಕಿರುಚಿದರೆ ಆ ಮಾತು ಅಲ್ಲೇ ಸಾಯುತ್ತಿತ್ತು, ಸಂಜೆಯೊಳಗೆ ನನ್ನ ಕೆಲಸವೂ ಸಾಯುತ್ತಿತ್ತು. ಮಾತನ್ನು ಸಾಯಿಸುವುದಕ್ಕಿಂತ ಹಿಡಿದುಕೊಳ್ಳುವುದು ಒಳ್ಳೆಯದು ಅನ್ನಿಸಿತು.

"ಹೌದು ಸಾರ್," ಅಂದೆ. "ಎಲ್ಲರ ಮುಂದೆ ನೀವೇ ಹೇಳಿದ್ರಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಊಟವಾದ ಮೇಲೆ ಅಧ್ಯಕ್ಷರು ಆಸ್ಪತ್ರೆ ನೋಡಲು ಬರುತ್ತಾರೆ ಎಂದು ಕಾರ್ಯದರ್ಶಿಗಳು ಸಾರಿದರು.

ಸಭೆ ಮುಗಿಯುತ್ತಲೇ ಮೇಸ್ತ್ರಿ ಬಾಗಿಲಲ್ಲಿ ಗೋಣಿಚೀಲ ಹಿಡಿದು ನಿಂತ. ಹೆಂಗಸರು ಅಂಗಿ ಬಿಚ್ಚಿ ಬಿಚ್ಚಿ ಅದರೊಳಗೆ ಹಾಕುತ್ತಿದ್ದರು. ನಾನು ಅಡುಗೆಮನೆಯ ಕಡೆಯಿಂದ, ಮೋರಿ ದಾಟಿ, ಕಾಂಪೌಂಡಿನ ಹಿಂದಿರುವ ನಮ್ಮ ಸಾಲುಮನೆಗೆ ಓಡಿದೆ.

ಅತ್ತೆ ಮಗನ ತಲೆಯ ಹತ್ತಿರ ಕುಳಿತು ಬೀಸಣಿಗೆ ಬೀಸುತ್ತಿದ್ದಳು. ನಾನು ಅಂಗಿ ಬಿಚ್ಚಿ ಅವನ ತೋಳಿಗೆ ತೂರಿಸಿದೆ. ಸೊಂಟ ಅಲುಗಿದ್ದಕ್ಕೆ ಅವನು ಹಲ್ಲು ಕಚ್ಚಿದ.

"ಏನೇ ಇದು?"

"ಆಸ್ಪತ್ರೆಗೆ ಹೋಗೋದು. ಈಗ ನೀನು ಅವರ ಕುಟುಂಬ."

"ಹೋದ ಸಲ ಬೇವಾರ್ಸಿ ನಾಯಿ ಥರ ಓಡಿಸಿದ್ರು. ಈಗ ಅಂಗಿ ನೋಡಿ ಹಾರ ಹಾಕ್ತಾರಾ? ಬಿಚ್ಕೊಂಡು ಒದ್ದು ಕಳಿಸ್ತಾರೆ."

ಅವನು ಹೇಳಿದ್ದು ಸರಿಯಾಗಿತ್ತು. ಗುಂಡಿ ಬಿಚ್ಚಲು ಎಷ್ಟು ಹೊತ್ತು ಬೇಕು? ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಪ್ರಾಯದಲ್ಲಿ ಉಗ್ರಾಣದಲ್ಲಿ ಮೂಟೆ ಹೊಲಿಯುತ್ತಿದ್ದವಳು. ದೂರ ಹೋಗುವ ಮೂಟೆಗಳನ್ನು ದಾರಿಯಲ್ಲಿ ಕಳ್ಳರು ಬಿಚ್ಚದಂತೆ ಪ್ರತಿ ಹೊಲಿಗೆಗೂ ಒಂದು ಗಂಟು ಹಾಕುವ ರೂಢಿ ಅವರದು. ಒಂದು ಎಳೆ ಹಿಡಿದು ಜಗ್ಗಿದರೆ ಮಿಕ್ಕ ಗಂಟುಗಳು ಇನ್ನೂ ಬಿಗಿಯುತ್ತವೆ. ಕತ್ತರಿಯೇ ಬೇಕು.

"ಅತ್ತೆ, ದಬ್ಬಣ ಎಲ್ಲಿದೆ?"

ಅವಳಿಗೆ ತಕ್ಷಣ ಅರ್ಥವಾಯಿತು. ಮುಖ ಕಪ್ಪಿಟ್ಟಿತು. "ಮೈಮೇಲೆ ಬಟ್ಟೆ ಇಟ್ಟು ಹೊಲಿಯೋದು ಹೆಣಕ್ಕೆ ಕಣೇ. ಬದುಕಿರೋ ಮಗನಿಗೆ ಹೊಲೀ ಅಂತೀಯಲ್ಲ."

"ಬದುಕಿರ್ಲಿ ಅಂತಾನೇ ಹೇಳ್ತಿರೋದು."

ಅತ್ತೆ ಬೀಸಣಿಗೆ ಕೆಳಗಿಟ್ಟಳು. ಆಮೇಲೆ ಎದ್ದು ಗೂಡಿನಿಂದ ದಬ್ಬಣ, ಹುರಿ ತಂದಳು. ಅಂಗಿಯ ಮುಂಭಾಗವನ್ನು ಕುತ್ತಿಗೆಯಿಂದ ಹೊಟ್ಟೆಯವರೆಗೆ ಹೊಲಿದಳು. ಅಂಚನ್ನು ಅವನ ಲುಂಗಿಗೆ ಸೇರಿಸಿ ಸುತ್ತಲೂ ಹೊಲಿದಳು. ಒಂದೊಂದು ಗಂಟಿಗೂ ಹುರಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿದಳು. ಕಣ್ಣೀರು ಗಲ್ಲಕ್ಕೆ ಇಳಿದು ಹುರಿಯ ಮೇಲೆ ಬೀಳುತ್ತಿತ್ತು.

"ನನ್ನೇನು ಮೂಟೆ ಮಾಡ್ತಿದೀರಾ?" ಎಂದ ಅವನು.

"ಮೂಟೆ ಆದ್ರೆ ಯಾರಾದ್ರೂ ಒಳಗೆ ಇಳಿಸ್ಕೊಳ್ತಾರೆ," ಎಂದಳು ಅತ್ತೆ. "ಮನುಷ್ಯ ಅಂತ ಕರ್ಕೊಂಡು ಹೋದಾಗ ಇಳಿಸ್ಕೊಂಡ್ರಾ?"

ನನ್ನ ಕಸದ ಗಾಡಿಯನ್ನು ಎರಡು ಕೊಡ ನೀರಲ್ಲಿ ತೊಳೆದು, ಹಾಸಿಗೆ ಹಾಸಿ, ಅಕ್ಕಪಕ್ಕದವರ ಕೈಯಲ್ಲಿ ಎತ್ತಿಸಿ ಅವನನ್ನು ಮಲಗಿಸಿದೆ. ಅವನ ಕೂಗು ಸಾಲುಮನೆಯ ಕೊನೆಯವರೆಗೂ ಕೇಳಿಸಿತು. ನಾನು ಮುಂದಿನಿಂದ ಎಳೆದೆ, ಅತ್ತೆ ಹಿಂದಿನಿಂದ ತಳ್ಳಿದಳು.

ಹಿಂದಿನ ಬಾಗಿಲಿಗೆ ಹೋಗಲಿಲ್ಲ. ನೇರವಾಗಿ ಮುಂದಿನ ಗೇಟಿಗೆ ನಡೆದೆ. ಅಲ್ಲಿನ ಕಾವಲುಗಾರ ದಿನಾ ನಮ್ಮನ್ನು ಕಂಡರೆ ಲಾಠಿ ತೋರಿಸಿ ಹಿಂದಕ್ಕೆ ಅಟ್ಟುವವನು. ಅವತ್ತೂ ಲಾಠಿ ಎತ್ತಿದ. ಅಷ್ಟರಲ್ಲಿ ಮುದ್ರೆ ನೋಡಿದ. ಅತಿಥಿಗಳು ಬಂದಿರುವ ದಿನ ನೀಲಿ ಅಂಗಿಯವರನ್ನು ತಡೆಯಬಾರದೆಂದು ಅವನಿಗೆ ಹೇಳಿರಬೇಕು. ಲಾಠಿ ಇಳಿಸಿ ಗೇಟು ತೆರೆದ. ಇಷ್ಟು ವರ್ಷದಲ್ಲಿ ಆ ಗೇಟು ನಮಗೆ ತೆರೆದದ್ದು ಅದೇ ಮೊದಲು, ಅದೂ ನಮಗಲ್ಲ, ಅಂಗಿಗೆ.

ಆಸ್ಪತ್ರೆಯ ನೆಲ ಅದೇ ಬೆಳಗ್ಗೆ ಒರೆಸಿದ್ದರಿಂದ ಹೊಳೆಯುತ್ತಿತ್ತು. ಕಸದ ಗಾಡಿಯ ಚಕ್ರ ಅದರ ಮೇಲೆ ಎರಡು ಕಪ್ಪು ಗೆರೆ ಎಳೆದುಕೊಂಡು ಹೋಯಿತು. ಕೌಂಟರಿನವನು ಎದ್ದು ನಿಂತ.

"ಏ, ಇದೇನು ಕಸದ ಗಾಡೀನ ಒಳಗೆ ತರ್ತೀಯಾ?"

"ಕಸ ಅಲ್ಲ, ಕುಟುಂಬ. ಓದೋಕೆ ಬರುತ್ತಲ್ಲ, ಓದು."

ಅವನು ಓದಿದ. ಫೋನೆತ್ತಿದ. ಮೇಸ್ತ್ರಿ ಬೆವರುತ್ತ ಓಡಿ ಬಂದ. ಗೋಣಿಚೀಲ ಇನ್ನೂ ಅವನ ಹೆಗಲ ಮೇಲಿತ್ತು.

"ಕಳ್ಳ ಹಡಬೆ. ಒಂದು ಅಂಗಿ ಕಮ್ಮಿ ಬಂದಾಗ್ಲೇ ನೀನೇ ಅಂತ ಗೊತ್ತಾಯ್ತು. ಬಿಚ್ಚೇ ಮೊದ್ಲು. ದೊಡ್ಡೋರು ಬರ್ತಿದಾರೆ."

"ನೀನೇ ಬಿಚ್ಕೋ."

ಅವನು ಗುಂಡಿಗೆ ಕೈ ಹಾಕಿದ. ಗುಂಡಿ ಬಿಚ್ಚಿತು, ಅಂಗಿ ಬಿಚ್ಚಲಿಲ್ಲ. ಹುರಿಯನ್ನು ಹಿಡಿದು ಜಗ್ಗಿದ. ನನ್ನ ಗಂಡ ಕೂಗಿದ ಕೂಗಿಗೆ ಕಾರಿಡಾರಿನ ಕೊನೆಯ ವಾರ್ಡಿನವರೂ ಬಾಗಿಲಿಗೆ ಬಂದರು. ಮೇಸ್ತ್ರಿ ಕೈ ಬಿಟ್ಟ.

ಅದೇ ಹೊತ್ತಿಗೆ ಕಾರ್ಯದರ್ಶಿಗಳು ಅಧ್ಯಕ್ಷರನ್ನು ಕರೆದುಕೊಂಡು ಒಳಗೆ ಬಂದರು. ಹಿಂದೆ ಅರ್ಥಶಾಸ್ತ್ರದ ಮೇಡಂ, ಫೋಟೋದವನು. ನೆಲದ ಮೇಲಿನ ಕಪ್ಪು ಗೆರೆ ಹಿಡಿದು ಬಂದ ಅಧ್ಯಕ್ಷರ ಕಣ್ಣು ಗಾಡಿಯ ಮೇಲೆ ನಿಂತಿತು.

"ಯಾರಿದು?" ಎಂದು ಕೇಳಿದರು.

ಕಾರ್ಯದರ್ಶಿಗಳು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಕೌಂಟರಿನವನ ಮುಖ ನೋಡಿದ. ಮೇಡಂ ನೆಲ ನೋಡಿದರು. ಅವರ ಲೆಕ್ಕದಲ್ಲಿ ಸೇರಿದ್ದ ಮನುಷ್ಯ ಅವರ ಕಾಲಬುಡದಲ್ಲೇ ಮಲಗಿದ್ದ.

"ನೀವೇ ಹೇಳಿ ಸಾರ್," ಎಂದೆ ಕಾರ್ಯದರ್ಶಿಗಳಿಗೆ. "ಬೆಳಗ್ಗೆ ಹೇಳಿದ್ರಲ್ಲ."

ಅವರು ನಕ್ಕರು. ನಗುತ್ತಲೇ, ತುಟಿ ಹೆಚ್ಚು ಅಲುಗಿಸದೆ, ಮೇಸ್ತ್ರಿಗೆ ಹೇಳಿದರು: "ಅಂಗಿ ತೆಗಿಸಯ್ಯ ಮೊದಲು."

"ಬರ್ತಿಲ್ಲ ಸಾರ್. ಹೊಲಿದುಬಿಟ್ಟಿದಾರೆ ಬೋಳಿಮಕ್ಳು. ಕತ್ತರಿ ಬೇಕು," ಎಂದ ಮೇಸ್ತ್ರಿ. ಅಲ್ಲಿ ನಿಂತಿದ್ದ ನರ್ಸಿನ ಕಡೆ ತಿರುಗಿದ. "ಸಿಸ್ಟರ್, ಕತ್ತರಿ ಎಲ್ಲಿದೆ?"

ನರ್ಸು ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು. "ಆಪರೇಷನ್ ಕೋಣೇಲಿದೆ," ಎಂದಳು.

ನಾನು ಗಾಡಿಯ ಹಿಡಿಯನ್ನು ಮೇಸ್ತ್ರಿಯ ಕೈಗೆ ಕೊಟ್ಟೆ.

"ಕತ್ತರಿ ಒಳಗಿದೆಯಂತೆ," ಅಂದೆ. "ಎಳಿ."

ಅವನು ಹಿಡಿ ಹಿಡಿದು ಹಾಗೇ ನಿಂತಿದ್ದ. ಅತ್ತೆ ಹಿಂದಿನಿಂದ ತಳ್ಳತೊಡಗಿದಳು.