ಅಮಾವಾಸ್ಯೆಯ ಪಡಿಯಚ್ಚು

ಸತೀಶ್ ಕುಮಾರ್ ಮೂರನೇ ಸಲ ಬಟನ್ ಒತ್ತಿದ. ಕಂಪ್ಯೂಟರಿನ ಡಬ್ಬಿಯೊಳಗೆ ಏನೋ ಟಕ್ ಟಕ್ ಎಂದು ಬಡಿದುಕೊಂಡು ಸುಮ್ಮನಾಯಿತು. ಪರದೆ ಕಪ್ಪಗೇ ಉಳಿಯಿತು.

"ಬಂತೇನಪ್ಪಾ?" ನಡುಮನೆಯಿಂದ ಕಸ್ತೂರಮ್ಮ ಕೇಳಿದರು.

"ತಡೀರಿ ದೊಡ್ಡಮ್ಮ, ನೋಡ್ತಿದೀನಿ."

ನೋಡುವುದಕ್ಕೆ ಏನಿತ್ತು, ಮಣ್ಣು! ನ್ಯಾಮತಿ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಹನ್ನೆರಡು ವರ್ಷದಿಂದ ಮದುವೆ ವಿಡಿಯೊ ಅಂಗಡಿ ಇಟ್ಟುಕೊಂಡವನು ಅವನು. ಒಳಗಿನ ಹಾರ್ಡ್ ಡಿಸ್ಕ್ ಸತ್ತರೆ ಯಾವ ಸದ್ದು ಬರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಡುಮನೆಯಲ್ಲಿ ದೊಡ್ಡಪ್ಪ ಬಸವರಾಜಪ್ಪನವರನ್ನು ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ತಲೆಗೆ ರುಮಾಲು. ನಿನ್ನೆ ಮಧ್ಯಾಹ್ನ ಉಂಡು ಒರಗಿದವರು ಏಳಲೇ ಇಲ್ಲ. ರಾತ್ರಿಯೆಲ್ಲ ಭಜನೆ ಮಾಡಿದವರ ಗಂಟಲು ಬಿದ್ದುಹೋಗಿತ್ತು. ಅಳುವವರೂ ಅತ್ತು ಸುಸ್ತಾಗಿ, ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ಅಂಗಳದಲ್ಲಿ ಹೆಣ ಕೂರಿಸಿ ಹೊರುವ ವಿಮಾನಕ್ಕೆ ಬಾಳೆಕಂದು, ಚೆಂಡುಹೂವು ಕಟ್ಟುತ್ತಿದ್ದರು. ಅಲ್ಲೂ ಯಾರಿಗೂ ಮಾತಿನ ಹುರುಪಿರಲಿಲ್ಲ.

ಬೆಳಿಗ್ಗೆ ಮಗಳು ಸಂಧ್ಯಾರಾಣಿ ತ್ಯಾವಣಿಗೆಯಿಂದ ಬಂದವಳೇ, ಹೆಣದ ಮುಂದೆ ಇಡಲು ಅಪ್ಪನ ಫೋಟೊ ಹುಡುಕಿದ್ದಳು. ಆಗ ಕಸ್ತೂರಮ್ಮ ಹೇಳಿದ್ದರು: "ಫೋಟೊ ನೀವು ನೋಡ್ಕಳ್ರಿ. ಕಣ್ಣಿಲ್ದೋಳು ನಾನು ಅದನ್ನ ಇಟ್ಕಂಡು ಏನು ಮಾಡ್ಲಿ? ಎತ್ತೋ ಮುಂಚೆ ಒಂದ್ಸಲ ಅವ್ರ ದನಿ ಕೇಳಿಸ್ರಿ. ಕಂಪ್ಯೂಟರ್‌ನಾಗೆ ಐತೆ. ಸತೀಶಂಗೆ ಹೇಳ್ರಿ, ಅವ್ನಿಗೆ ಗೊತ್ತು."

ಅವನಿಗೆ ಗೊತ್ತಿತ್ತು. ಮತ್ತೆ ಮತ್ತೆ ಬಟನ್ ಒತ್ತುತ್ತಿದ್ದುದೂ ಅದಕ್ಕೇ.

*

ಬಸವರಾಜಪ್ಪ ಮೂವತ್ತೊಂದು ವರ್ಷ ಹೊನ್ನಾಳಿ–ನ್ಯಾಮತಿ ಖಾಸಗಿ ಬಸ್ಸಿನ ಕಂಡಕ್ಟರ್. ಊರಿಗೆ ಊರೇ ಆ ದನಿಗೆ ಚೀಲ ಎತ್ತಿಕೊಂಡು ಓಡಿ ಬರುತ್ತಿತ್ತು. ಕೆಲಸ ಬಿಟ್ಟ ಮರುವರ್ಷವೇ ಸಕ್ಕರೆ ಕಾಯಿಲೆ ಕಸ್ತೂರಮ್ಮನ ಕಣ್ಣು ತಿಂದಿತು. ಆಗ ಅವರು ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ಮೈಕು ಸಿಕ್ಕಿಸಿ, ದಿನಾ ಬೆಳಿಗ್ಗೆ ಹೆಂಡತಿಗೆ ಪೇಪರ್ ಓದಿ ರೆಕಾರ್ಡ್ ಮಾಡಿಡಲು ಶುರುಮಾಡಿದರು. ತಾವು ಸಂಜೆ ಬಸ್ ಸ್ಟ್ಯಾಂಡ್ ಕಡೆ ಹೋದಾಗ ಆಕೆಗೆ ಬೇಸರವಾಗಬಾರದು ಎಂದು. ಕೀಬೋರ್ಡಿನ ಉದ್ದನೆಯ ಕೀಲಿಯ ಮೇಲೆ ಆಕೆಯದೇ ಒಂದು ಬಿಂದಿ ಅಂಟಿಸಿದ್ದರು. ಬೆರಳಿಗೆ ಬಿಂದಿ ಸಿಕ್ಕರೆ ಒತ್ತುವುದು, ಗಂಡನ ದನಿ ಬರುವುದು.

ಓದು ಮುಗಿದಾಗ ಬಸ್ಸು ನಿಲ್ಲಿಸುವವರ ಹಾಗೆ "ಹೋಲ್ಡಾನ್" ಎನ್ನುತ್ತಿದ್ದರು. ಅಡುಗೆಮನೆಯಿಂದ ಕಸ್ತೂರಮ್ಮ ಬಸ್ಸು ಹೊರಡಿಸುವವರ ಹಾಗೆ "ರೈಟ್" ಎನ್ನಬೇಕು. ಎನ್ನದಿದ್ದರೆ ಮುದುಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಕಾಫಿ ಆರಿ ಹೋದರೂ ಸರಿಯೇ.

ಇಷ್ಟೆಲ್ಲ ಒಂದು ಹಳೇ ಡಬ್ಬಿಯಲ್ಲಿದೆಯಲ್ಲ ಎಂಬ ಭಯ ಅವರಿಗೆ ಹತ್ತಿದ್ದು ಆಮೇಲೆ. ಸತೀಶನೇ ಒಂದು ತಂತ್ರಾಂಶ ಹಾಕಿ ತೋರಿಸಿದ್ದ. "ಒಂದೊಂದೇ ಕಾಪಿ ಮಾಡೋದಲ್ಲ ದೊಡ್ಡಪ್ಪ. ಇಡೀ ಕಂಪ್ಯೂಟರು ಈ ಗಳಿಗೆಗೆ ಹೆಂಗೈತೋ ಹಂಗೇ, ಒಂದೇ ಫೈಲಾಗಿ ಹೊರಗಿನ ಡಿಸ್ಕಿಗೆ ಹೋಗ್ತದೆ. ಇದು ಕೆಟ್ರೂ ಅದ್ರಾಗಿಂದ ಎಲ್ಲಾ ತಗೀಬೋದು. ಇದಕ್ಕೆ ಇಮೇಜ್ ಅಂತಾರೆ."

"ಪಡಿಯಚ್ಚು ಅನ್ನು," ಎಂದಿದ್ದರು ದೊಡ್ಡಪ್ಪ.

ಅವತ್ತಿನಿಂದ ಪ್ರತಿ ಅಮಾವಾಸ್ಯೆಗೂ ಪಡಿಯಚ್ಚು. ಬಸ್ಸಿಗೆ ಅಮಾವಾಸ್ಯೆ ಪೂಜೆ ಮಾಡಿ ರೂಢಿಯಾದ ಮನುಷ್ಯ. ಸ್ನಾನ ಮಾಡಿ, ಕಂಪ್ಯೂಟರಿಗೆ ಊದುಬತ್ತಿ ಬೆಳಗಿ, ಆಮೇಲೆ ಡಿಸ್ಕ್ ಸಿಕ್ಕಿಸಬೇಕು. ಎರಡು ಗಂಟೆ ಅದರ ಮುಂದೆ ಕೂತು, ಮುಗಿದ ಮೇಲೆ ಎಲ್ಲ ಸರಿಯಾಗಿದೆಯೇ ಎಂದು ಅದರ ಕೈಲೇ ಪರೀಕ್ಷೆ ಮಾಡಿಸಬೇಕು. "ಟಿಕೆಟ್ ಹರಿದು ಕೊಟ್ಟ ಮೇಲೂ ಒಂದ್ಸಲ ತಲೆ ಎಣಿಸ್ಬೇಕಲೇ," ಎನ್ನುತ್ತಿದ್ದರು. ಕೊನೆಗೆ ಡಿಸ್ಕಿಗೆ ಮೂರೆಳೆ ವಿಭೂತಿ ಹಚ್ಚಿ, ಕೆಂಪು ವಸ್ತ್ರದಲ್ಲಿ ಸುತ್ತಿ, ದೇವರ ಕೋಣೆಯ ಗೂಡಿನಲ್ಲಿ ಇಡಬೇಕು. ಬೇರೆ ದಿನ ಅದನ್ನು ಮುಟ್ಟುತ್ತಿರಲಿಲ್ಲ. ಸತೀಶ ಎಷ್ಟೋ ಸಲ ಛೇಡಿಸಿದ್ದ, "ಹುಣ್ಣಿಮೆಗೆ ತಗದ್ರೆ ಬರಲ್ವೇನು?" ಎಂದು.

*

"ಕೆಟ್ಟೈತೆ ದೊಡ್ಡಮ್ಮ," ಎಂದ ಸತೀಶ, ಹೊರಗೆ ಬಂದು.

"ಗೊತ್ತು ಕಣಪ್ಪ. ನಿನ್ ಕೈಲಾದ್ರೂ ಎದ್ದೀತು ಅಂದ್ಕಂಡೆ. ಹೋದ ವಾರ ಕರೆಂಟು ಏರುಪೇರಾಗಿ ಹೋಯ್ತು. ಸತೀಶನ್ನ ಕರೀರಿ ಅಂದೆ. ಅವ್ನಿಗೆ ಮದುವೆ ಸೀಜನ್ನು, ಕೈ ಬಿಡುವಾಗ್ಲಿ, ಹೆಂಗೂ ಪಡಿಯಚ್ಚು ಐತಲ್ಲ ಅಂದ್ರು." ಕಸ್ತೂರಮ್ಮ ದೇವರ ಕೋಣೆಯತ್ತ ಕೈ ತೋರಿಸಿದರು. "ಗೂಡಿನಾಗೆ ಐತೆ ನೋಡು. ಅದ್ರಾಗಿಂದ ತಗ್ದು ಕೇಳಿಸು."

ಅಂಗಳದಿಂದ ಬೆನಕಪ್ಪ ಬಂದರು. ದೊಡ್ಡಪ್ಪನ ಬಸ್ಸಿಗೇ ಇಪ್ಪತ್ತು ವರ್ಷ ಡ್ರೈವರ್ ಆಗಿದ್ದವರು. "ಗುಣಿ ತೋಡಿ ಆಯ್ತಂತೆ. ನಾಲ್ಕಕ್ಕೆ ಎತ್ಬೇಕು ಅಂತಾರೆ ಅಯ್ಯನೋರು. ಇನ್ನು ಮುಕ್ಕಾಲು ಗಂಟೆ ಐತೆ ಕಣೋ. ಬೇಗ ಮಾಡು."

ಸತೀಶ ಅಂಗಡಿಯಿಂದ ತಂದಿದ್ದ ಲ್ಯಾಪ್‌ಟಾಪ್ ಹಿಡಿದು ದೇವರ ಕೋಣೆಗೆ ಹೋದ. ಕೆಂಪು ಗಂಟು ಗೂಡಿನಲ್ಲೇ ಇತ್ತು. ಅದನ್ನು ಕೈಗೆ ತೆಗೆದುಕೊಂಡು ನಿಂತವನಿಗೆ ಬಿಚ್ಚಲು ಧೈರ್ಯ ಬರಲಿಲ್ಲ.

*

ಹೋದ ಅಮಾವಾಸ್ಯೆಗೆ ಎರಡು ದಿನ ಮುಂಚೆ, ಸೊಕ್ಕೆ ಊರಿನ ಮದುವೆ ವಿಡಿಯೊ ಇಳಿಸಿಕೊಳ್ಳಲು ಅವನ ಯಾವ ಡಿಸ್ಕಿನಲ್ಲೂ ಜಾಗವಿರಲಿಲ್ಲ. ಕ್ಯಾಮೆರಾದ ಕಾರ್ಡು ಮರುದಿನದ ಮದುವೆಗೆ ಖಾಲಿಯಾಗಬೇಕು. ಓಡಿ ಬಂದು ದೊಡ್ಡಪ್ಪನ ಡಿಸ್ಕ್ ಕೇಳಿದ. ಅವರು ವಸ್ತ್ರ ಬಿಚ್ಚಿ ಕೊಟ್ಟು, "ಅಮಾಸೆಗೆ ತಂದು ಕೊಡಪ್ಪ," ಎಂದಷ್ಟೇ ಹೇಳಿದ್ದರು.

ಅಂಗಡಿಯಲ್ಲಿ ನೋಡಿದರೆ ಡಿಸ್ಕಿನ ತುಂಬ ಎಂಟು ತಿಂಗಳ ಪಡಿಯಚ್ಚುಗಳು. ನಿದ್ದೆಗೆಟ್ಟ ಕಣ್ಣು, ಮೇಲಿಂದ ಮೇಲೆ ಮದುವೆಯವರ ಫೋನು. ಮುದುಕರ ಹುಚ್ಚು, ಕಂಪ್ಯೂಟರಿನಲ್ಲಿ ಎಲ್ಲ ಇದ್ದೇ ಇದೆಯಲ್ಲ ಎಂದುಕೊಂಡು ಒಂದನ್ನೂ ಉಳಿಸದೆ ಅಳಿಸಿಬಿಟ್ಟ. ಹಿಂದಿರುಗಿಸಿದ್ದು ಅಮಾವಾಸ್ಯೆ ಕಳೆದ ಮರುದಿನ, ಮದುವೆಯನ್ನು ಅದರಲ್ಲೇ ಬಿಟ್ಟು.

"ಕೆಲಸ ಆಯ್ತೇನಪ್ಪ?" ಎಂದು ಕೇಳಿದ್ದರು ದೊಡ್ಡಪ್ಪ. ಅಳಿಸಿದ ವಿಷಯ ಆಗಲೇ ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ನಾಳೆ ಎಂದು ಈ ಓಣಿಗೆ ಬರುವುದನ್ನೇ ಬಿಟ್ಟ.

*

"ಯಾಕೋ ಸುಮ್ನೆ ನಿಂತೆ?" ಕಸ್ತೂರಮ್ಮ ಗೋಡೆ ಸವರಿಕೊಂಡು ಬಾಗಿಲಿಗೆ ಬಂದಿದ್ದರು.

ಸತೀಶನಿಗೆ ಇನ್ನು ತಡೆಯಲಾಗಲಿಲ್ಲ. "ದೊಡ್ಡಮ್ಮ, ಇದ್ರಾಗೆ ಏನೂ ಇಲ್ಲ. ಅವತ್ತು ಒಯ್ದಾಗ ಎಲ್ಲಾ ನಾನೇ ಅಳಿಸಿಬಿಟ್ಟೆ. ಅಮಾಸೆ ದಿನ ಡಿಸ್ಕು ನನ್ ಹತ್ರನೇ ಇತ್ತು. ನಿಮಗೆ ಅವ್ರ ದನಿ ಇಲ್ದಂಗೆ ಮಾಡಿದೋನು ನಾನು." ಮಾತು ಮುಗಿಯುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ಮೂವತ್ತೆಂಟು ವರ್ಷದ ಗಂಡಸು, ಬಾಯಿಗೆ ಆ ಕೆಂಪು ವಸ್ತ್ರವನ್ನೇ ಒತ್ತಿಕೊಂಡು ಅತ್ತ.

ಕಸ್ತೂರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅದಕ್ಕೇ ಅವತ್ತು ಇವರು ಹಂಗೆ ಕುಂತಿದ್ರು," ಎಂದರು ಆಮೇಲೆ. "ಡಿಸ್ಕು ಹಾಕಿದೋರು ಉಸಿರೇ ಎತ್ತಲಿಲ್ಲ. ಏನಾಯ್ತ್ರೀ ಅಂದೆ. ಏನಿಲ್ಲ, ಈ ತಿಂಗಳು ಅಮಾಸೆ ಎರಡು ದಿನ ತಡ ಅಂದ್ರು. ಹಾಕಿ ನೋಡು."

ಸತೀಶ ಗಂಟು ಬಿಚ್ಚಿದ. ಲ್ಯಾಪ್‌ಟಾಪಿಗೆ ಡಿಸ್ಕ್ ಸಿಕ್ಕಿಸಿದ. ಒಳಗೆ ಎರಡೇ ಇದ್ದವು. ಒಂದು, ಅಮಾವಾಸ್ಯೆ ಕಳೆದ ಎರಡನೇ ದಿನದ ತಾರೀಕು ಹೊತ್ತ ಪಡಿಯಚ್ಚು. ಇನ್ನೊಂದು ಅವನು ಬಿಟ್ಟುಹೋಗಿದ್ದ ಸೊಕ್ಕೆಯ ಮದುವೆ ವಿಡಿಯೊದ ಫೋಲ್ಡರ್. ಅದಕ್ಕೆ ದೊಡ್ಡಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಹೊಸ ಹೆಸರು ಕೊಟ್ಟಿದ್ದರು: ‘ಸತೀಶನ ದುಡಿಮೆ. ಅಳಿಸಬಾರದು.’

ಅದನ್ನು ಅವನು ಎರಡು ಸಲ ಓದಿದ.

"ಐತೇನೋ?"

"ಐತೆ ದೊಡ್ಡಮ್ಮ. ಐತೆ."

ಪಡಿಯಚ್ಚು ಬಿಚ್ಚಿಕೊಂಡಿತು. ಆರು ವರ್ಷದ ಬೆಳಗುಗಳು ಸಾಲಾಗಿ ಕೂತಿದ್ದವು. ಕಟ್ಟಕಡೆಯದನ್ನು ಆರಿಸಿದ. ಎದ್ದು ಹೋಗಿ ಹಳೆಯ ಕೀಬೋರ್ಡಿನಿಂದ ಬಿಂದಿಯನ್ನು ಉಗುರಿನಿಂದ ಎಬ್ಬಿಸಿ ತಂದು ಲ್ಯಾಪ್‌ಟಾಪಿನ ಕೀಲಿಗೆ ಅಂಟಿಸಿದ.

*

ಬಸವರಾಜಪ್ಪನವರನ್ನು ವಿಮಾನದಲ್ಲಿ ಕೂರಿಸಿ ಆಗಿತ್ತು. ಸತೀಶ ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟ. ಸಂಧ್ಯಾರಾಣಿ ತಾಯಿಯ ಕೈ ಹಿಡಿದು ತಂದು ಕೂರಿಸಿದಳು. ಕಸ್ತೂರಮ್ಮನ ಬೆರಳು ಕೀಲಿಗಳ ಮೇಲೆ ತಡಕಿತು, ಬಿಂದಿ ಸಿಕ್ಕಿತು, ಒತ್ತಿತು.

"ಕಸ್ತೂರೀ," ಎಂದಿತು ಆ ದನಿ. "ಇವತ್ತಿನ ಪೇಪರ್‌ನಾಗೆ ಹೂರಣ ಏನಿಲ್ಲ ಕಣೆ. ಜಗಳೂರು ಕಡೆ ಹೊಲದಾಗೆ ಕರಡಿ ಕಂಡೈತಂತೆ. ಯಾವನೋ ಕರೀ ಕಂಬಳಿ ಹೊದ್ಕಂಡು ಕುಂತಿರ್ಬೇಕು, ಪಾಪ, ಎಲ್ರೂ ಅವನ್ನ ಓಡಿಸ್ಯಾಡ್ಯಾರೆ..."

ಯಾರೋ ಕಿಸಕ್ಕೆಂದು ನಕ್ಕರು. ನಕ್ಕವರೇ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ದನಿ ಸಾಗಿತು. ಚನ್ನಗಿರಿಯಲ್ಲಿ ಅಡಿಕೆ ರೇಟು, ಹೊನ್ನಾಳಿಯಲ್ಲಿ ಹೊಳೆ ನೀರು, ಯಾರದೋ ಎಮ್ಮೆ ಕಳವು. ಆಮೇಲೆ ಒಂದು ಕೆಮ್ಮು.

"ಇವತ್ತಿಗೆ ಇಷ್ಟು. ಹೋಲ್ಡಾನ್."

ಸದ್ದು ನಿಂತಿತು. ಅಯ್ಯನೋರು ಗಡಿಯಾರ ನೋಡಿಕೊಂಡು, "ಎತ್ರಪ್ಪಾ," ಎಂದರು. ಬೆನಕಪ್ಪ ವಿಮಾನದ ಮುಂದಿನ ಗಳಕ್ಕೆ ಹೆಗಲು ಕೊಟ್ಟು ಆಗಲೇ ಬಗ್ಗಿದ್ದರು. ಅವರು ಏಳಲಿಲ್ಲ. ಅವರು ಏಳದೆ ಹಿಂದಿನವರೂ ಏಳುವಂತಿರಲಿಲ್ಲ. ಎರಡನೇ ಗಳ ಹಿಡಿದಿದ್ದ ಸತೀಶ ತಲೆಯೆತ್ತಿ ಜಗಲಿಯತ್ತ ನೋಡಿದ.

ಕಸ್ತೂರಮ್ಮನ ಬೆರಳು ಬಿಂದಿಯ ಮೇಲೇ ಇತ್ತು. ಆಕೆ ಮೂಗು ಒರೆಸಿಕೊಂಡರು, ಗಂಟಲು ಸರಿಮಾಡಿಕೊಂಡರು.

"ರೈಟ್," ಎಂದರು.

ಬೆನಕಪ್ಪ ಎದ್ದರು.