ಎಲ್ಡರ್‌ಫೋರ್ಡಿನ ಗುರುವಾರದ ಸಂತೆ

ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಸೌದಾಮಿನಿ ಬೆಳಗಿನ ಕಾಫಿ ಮುಟ್ಟದೆ ಸ್ಕ್ರೀನ್ ನೋಡುತ್ತಿದ್ದಳು. ನದಿಗಳ ಪ್ರವಾಹವನ್ನು ಮುಂಚಿತವಾಗಿ ತಿಳಿಸುವ ಕಂಪನಿ ಅದು. ಇಂಗ್ಲೆಂಡಿನ ಎಲ್ಡರ್‌ಫೋರ್ಡ್ ಎಂಬ ಸಂತೆಪೇಟೆಯಲ್ಲಿ ಮಳೆ ಬಿಟ್ಟಿರಲಿಲ್ಲ. ಅಲ್ಲೀಗ ಸಂಜೆ, ಕ್ರಿಸ್‌ಮಸ್ಸಿಗೆ ಮುಂಚಿನ ಗುರುವಾರದ ಸಂತೆಗೆ ಜನ ತುಂಬಿದ್ದರು. ನಕಾಶೆಯಲ್ಲಿ ನದಿಯ ದಂಡೆಯೆಲ್ಲ ಕೆಂಪು, ಸಂತೆಯ ಚೌಕ ಮಾತ್ರ ಹಸಿರು.

ಆ ಹಸಿರನ್ನು ಅವಳು ನಂಬಲಿಲ್ಲ. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ಅವಳು ಆ ಚೌಕದಲ್ಲೇ, ಚೀಸ್ ಮಾರುವ ಹಿಲ್ಡಾಳ ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಹಿಂದೆ ಕುರಿಸಂತೆ ಬೆಳೆದು ಜಾಗ ಸಾಲದಾದಾಗ, ಚೌಕದ ನಡುವೆ ಹರಿದು ನದಿ ಸೇರುತ್ತಿದ್ದ ತೊರೆಯ ಮೇಲೆ ಊರವರು ಕಮಾನು ಕಟ್ಟಿ ಕಲ್ಲು ಹಾಸಿದ್ದರು. ಅಂಗಡಿಯ ನೆಲಮಾಳಿಗೆಗೆ ಇಳಿದರೆ ಅದು ಹರಿಯುವ ಸದ್ದು ಕೇಳುತ್ತಿತ್ತು. ಕಂಪನಿಯ ನಕಾಶೆಯಲ್ಲಿ ಆ ತೊರೆಯೇ ಇರಲಿಲ್ಲ.

ಅವಳು ಮ್ಯಾನೇಜರ್ ಗುರುದತ್‌ನನ್ನು ಕರೆದಳು. ಅವನು ಉಡುಪಿಯವನು, ಇವಳು ಮಂಗಳೂರಿನವಳು.

"ನದಿ ಏರಿದ್ರೆ ಚೌಕದ ಅಡಿಯ ತೊರೆಯ ನೀರಿಗೆ ಹೋಗ್ಲಿಕ್ಕೆ ದಾರಿ ಇಲ್ಲ. ಚೌಕದೊಳಗೇ ಉಕ್ಕುತ್ತದೆ. ಅಲರ್ಟ್ ಕಳಿಸುವ."

"ಕಂಪ್ಯೂಟರ್ ಮಾಡೆಲ್ಲು ಗ್ರೀನ್ ತೋರಿಸ್ತಾ ಉಂಟಲ್ಲ. ಮೊನ್ನೆ ಸುಳ್ಳು ಅಲರ್ಟ್ ಹೋಗಿ ಎಷ್ಟು ರಗಳೆ ಆಯ್ತು, ಗೊತ್ತುಂಟಲ್ಲ? ನಿನ್ನ ನೆನಪನ್ನು ನಂಬಿ ನಾನು ಅಪ್ರೂವ್ ಮಾಡ್ಲಿಕ್ಕಾಗುದಿಲ್ಲ."

"ಹಾಗಾದ್ರೆ ನಾನೇ ಫೋನ್ ಮಾಡ್ತೇನೆ."

"ಕೆಲಸ ಹೋಗ್ತದೆ, ಸೌದಾಮಿನಿ."

"ಹೋಗ್ಲಿ."

ಸಂತೆ ವ್ಯಾಪಾರಿಗಳ ಸಂಘಕ್ಕೆ ಹಿಲ್ಡಾಳೇ ಮುಖ್ಯಸ್ಥೆ. ಫೋನಿನಲ್ಲಿ ವಿಷಯ ಕೇಳಿ ಅವಳು ನಕ್ಕಳು. "ಯುದ್ಧದಲ್ಲಿ ಬಾಂಬ್ ಬೀಳುವಾಗಲೂ ನಮ್ಮ ಹಿರಿಯರು ಗುರುವಾರದ ಸಂತೆ ನಿಲ್ಲಿಸಿದವರಲ್ಲ. ನಾವು ಮಳೆಗೆ ನಿಲ್ಲಿಸುತ್ತೇವೆಯೇ?"

ಆ ಊರಿನ ಹಟ ಸೌದಾಮಿನಿಗೆ ಗೊತ್ತು. "ನಿಲ್ಲಿಸಬೇಡಿ ಹಿಲ್ಡಾ. ಪ್ಲೇಗ್ ಬಂದಾಗ ನಿಮ್ಮವರು ಸಂತೆಯನ್ನು ಚರ್ಚಿನ ಗುಡ್ಡಕ್ಕೆ ಒಯ್ದಿದ್ದರಲ್ಲ? ನೀವೇ ನನಗೆ ಆ ಜಾಗ ತೋರಿಸಿದ್ದಿರಿ. ಈಗಲೂ ಒಯ್ಯಿರಿ."

"ನಿನಗೆ ಖಾತ್ರಿಯೇ?"

"ಇಲ್ಲ. ಭಯ ಇದೆ. ನೆಲಮಾಳಿಗೆಗೆ ಇಳಿದು ಕಿವಿಗೊಟ್ಟು ನೋಡಿ."

ಮೆಟ್ಟಿಲಿಳಿಯುವ ಸದ್ದು.

"ಏನೂ ಕೇಳಿಸುತ್ತಿಲ್ಲ," ಎಂದಳು ಹಿಲ್ಡಾ. "ನೀರು ಹರಿಯುವ ಸದ್ದೇ ಇಲ್ಲ."

"ಕಮಾನು ಮೇಲಿನವರೆಗೂ ತುಂಬಿಬಿಟ್ಟಿದೆ, ಅದಕ್ಕೇ ಸದ್ದಿಲ್ಲ. ಓಡಿ."

ಕರೆ ಕಡಿಯಿತು. ಸ್ಕ್ರೀನಿನ ಮೇಲೆ ಚೌಕ ಇನ್ನೂ ಹಸಿರಾಗಿಯೇ ಇತ್ತು. ಗುರುದತ್ ಅವಳ ಬೆನ್ನ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ. ತಾನೇ ತಪ್ಪಿದ್ದರೆ ಎಂಬ ಯೋಚನೆ ಸೌದಾಮಿನಿಗೆ ಒಂದು ಕಡೆ, ತಡವಾಗಿದ್ದರೆ ಎಂಬುದು ಇನ್ನೊಂದು ಕಡೆ.

ಕೊನೆಗೆ ಹಿಲ್ಡಾಳಿಂದ ವೀಡಿಯೊ ಬಂತು, ಗುಡ್ಡದ ಮೇಲಿಂದ ತೆಗೆದದ್ದು. ಕೆಳಗೆ ಹಾಸುಗಲ್ಲುಗಳನ್ನು ಎತ್ತಿ ಎಸೆದು ಕಪ್ಪು ನೀರು ಉಕ್ಕುತ್ತಿತ್ತು. ದೀಪ ಉರಿಯುತ್ತಿದ್ದ ಗೂಡಂಗಡಿಗಳು ತೇಲಿ ಒಂದಕ್ಕೊಂದು ಬಡಿಯುತ್ತಿದ್ದವು. "ಎಲ್ಲರೂ ಮೇಲಿದ್ದೇವೆ," ಎಂದಿತು ಹಿಲ್ಡಾಳ ಧ್ವನಿ. "ಬೇಕರಿಯ ಮುದುಕ ಬರಲೊಪ್ಪಲಿಲ್ಲ, ಹೊತ್ತು ತಂದೆವು. ನನ್ನ ಅಂಗಡಿ ಹೋಯಿತು."

ಗುರುದತ್ ಕುರ್ಚಿ ಎಳೆದು ಪಕ್ಕದಲ್ಲಿ ಕೂತ. "ಚೌಕ ದಾಟಿ ತೊರೆ ಎಲ್ಲಿಗೆ ಹೋಗ್ತದೆ? ಆ ಮನೆಗಳಿಗೆಲ್ಲ ಅಲರ್ಟ್ ಕಳಿಸುವ. ನನ್ನ ಹೆಸರಲ್ಲೇ ಹೋಗ್ಲಿ."

ಅವನೇ ಕೀಬೋರ್ಡ್ ಎಳೆದುಕೊಂಡ. ಸೌದಾಮಿನಿ ಕಣ್ಣು ಮುಚ್ಚಿ, ಹಿಲ್ಡಾಳ ಅಂಗಡಿಯಿಂದ ನದಿಯವರೆಗಿನ ಬೀದಿಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದಳು.